ಮಹಡಿಯಿಂದ ಜಿಗಿದವಳ ಮುಖ

ರೀಲಕ್ಕನ ಎಡಗೈಯಲ್ಲಿ ಫಿಲ್ಮು, ಬಲಗೈಯಲ್ಲಿ ಮೆತ್ತನೆಯ ಬಟ್ಟೆ. ಅರ್ಧ ರೀಲು ಒರೆಸಿ ಆಗಿದೆ. ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. "ಬಿಸಿಲೇರಿದ್ರೆ ಈ ಹಳೇ ಫಿಲ್ಮು ಹೊಸದಾಗಿ ಮದುವೆಯಾದೋರ ಥರ ಅಂಟ್ಕೊಂಡ್ಬಿಡುತ್ತೆ. ಬಿಡಿಸೋಕೆ ಹೋದ್ರೆ ಹರಿಯುತ್ತೆ" ಎಂದು ನಗುತ್ತಾರೆ.

ಹಳೆಯ ಚಿತ್ರಗಳನ್ನು ಕಾಪಾಡುವ ಈ ಕಚೇರಿಯಲ್ಲಿ ಅವರದು ದಿನಗೂಲಿ. ಮದುವೆಯಾಗಿ, ಗಂಡ ತೀರಿಕೊಂಡು, ತಲೆ ನೆರೆತರೂ ದಿನಗೂಲಿಯೇ. ರಾಸಾಯನಿಕದ ಘಾಟಿಗೆ ಮೂಗು ಸತ್ತಿದೆ. ಒಲೆಯ ಮೇಲೆ ಹಾಲು ಸೀದರೂ ಗೊತ್ತಾಗುವುದಿಲ್ಲ. ಅವರು ಬದುಕಿಸಿದ ಯಾವ ಚಿತ್ರದಲ್ಲೂ ಅವರ ಹೆಸರಿಲ್ಲ. ಜಾಗವಿಲ್ಲವಂತೆ! ದೀಪ ಹಚ್ಚಿ ಭಾಷಣ ಮಾಡಿದವರ ಹೆಸರಿಗೆ ಮಾತ್ರ ಜಾಗವಿದೆ.

ಈಗ ಕೈಯಲ್ಲಿರುವುದು ಅರವತ್ತು ವರ್ಷದ ಹಿಂದೆ ಹೊರದೇಶದವರು ಈ ಊರಿಗೆ ಬಂದು ತೆಗೆದ ಗೂಢಚಾರರ ಚಿತ್ರ. ಯಾರಿಗೂ ನೆನಪಿಲ್ಲದ್ದು. ಅದರಲ್ಲಿ ನಾಯಕಿ ಹೋಟೆಲಿನ ಮಹಡಿಯಿಂದ ಜಿಗಿಯುತ್ತಾಳೆ. ನಿಜಕ್ಕೂ ಜಿಗಿದದ್ದು ಅಲ್ಲಿ ಬಟ್ಟೆ ಒಗೆಯುತ್ತಿದ್ದ ರೀಲಕ್ಕನ ತಾಯಿ. "ಏನಾದ್ರೂ ಆಗ್ಲಿ, ಮುಖ ಮಾತ್ರ ತೋರಿಸ್ಬೇಡ" ಎಂದು ಚಿತ್ರ ತೆಗೆಯುವವರು ಹೇಳಿದ್ದರಂತೆ. ಜಿಗಿಯುವ ಹೊತ್ತಿಗೆ ಕೆಳಗೆ ಯಾರದೋ ಕಂಕುಳಲ್ಲಿದ್ದ ಕೂಸು ಚೀರಿತು. ತಾಯಿ ತಿರುಗಿ ನೋಡಿದಳು. ಹಾಸಿದ್ದ ಹಾಸಿಗೆ ತಪ್ಪಿ ನೆಲಕ್ಕೆ ಬಿದ್ದಳು. ಆ ಕೂಸೇ ರೀಲಕ್ಕ.

"ಸೊಂಟ ಮುರೀತು. ಅಮ್ಮನ್ನ ಆಸ್ಪತ್ರೆಗೆ ಹಾಕಿ, ಅವ್ರು ಹಡಗು ಹತ್ತಿದ್ರು." ತಾಯಿ ಇವತ್ತಿಗೂ ಗೋಡೆ ಹಿಡಿದೇ ನಡೆಯುತ್ತಾರೆ. ಚಿತ್ರವನ್ನು ನೋಡಿಯೇ ಇಲ್ಲ. ಕೇಳಿದರೆ, "ನೋಡೋದೇನಿದೆ ಮಗಳೇ, ಎದ್ರೆ ಕೂತ್ರೆ ಈ ಸೊಂಟಾನೇ ಸಿನಿಮಾ ತೋರಿಸುತ್ತೆ" ಎನ್ನುತ್ತಾರೆ.

ಕಚೇರಿ ತೆರೆಯುವ ಹೊತ್ತಿಗೆ ಬಾಗಿಲಲ್ಲಿ ಮೇಲಧಿಕಾರಿ. "ಏನಮ್ಮಾ, ಆ ಜಿಗಿತದಲ್ಲಿ ಯಾರದೋ ಮುಖ ಕಾಣುತ್ತಲ್ಲ, ಅದನ್ನ ಕತ್ತರಿಸಿಬಿಡು. ನಾಳೆ ಚಿತ್ರ ನೋಡೋಕೆ ಗಣ್ಯರು ಬರ್ತಾರೆ, ನಗೆಪಾಟಲಾಗುತ್ತೆ."

"ಯಾರದೋ ಅಲ್ಲ ಸಾರ್, ನಮ್ಮಮ್ಮಂದು."

"ಯಾರದಾದ್ರೇನು? ತಪ್ಪು ತಪ್ಪೇ."

ಸೊಂಟ ಕೊಟ್ಟವಳ ಮುಖ ತಪ್ಪಂತೆ! ಅವಳ ಬೆನ್ನು ತೋರಿಸಿ ಚಪ್ಪಾಳೆ ಗಿಟ್ಟಿಸುವುದು ಸರಿಯಂತೆ!

ರೀಲಕ್ಕ ಅಧಿಕಾರಿ ಹೋದ ಮೇಲೆ ಆ ತುಣುಕನ್ನು ದೀಪಕ್ಕೆ ಹಿಡಿಯುತ್ತಾರೆ. ತನಗಿಂತ ಎಷ್ಟೋ ಚಿಕ್ಕವಳಾದ ಅಮ್ಮ ಬಾಯಿ ತೆರೆದು ಮಗುವಿನತ್ತ ನೋಡುತ್ತಿದ್ದಾಳೆ. ಮೇಜಿನ ಮೇಲೆ ಕತ್ತರಿ ಇದೆ. ಅವರು ಅದನ್ನು ಮುಟ್ಟುವುದಿಲ್ಲ. ಆ ಮುಖದ ಮೇಲಿನ ಬೂಷ್ಟನ್ನು ಬಟ್ಟೆಯ ತುದಿಯಿಂದ ಒರೆಸಿ, ರೀಲನ್ನು ಕೊನೆಯವರೆಗೂ ಸುತ್ತಿ, ಡಬ್ಬಿಯ ಮುಚ್ಚಳ ಒತ್ತುತ್ತಾರೆ.

"ಆಯ್ತೇನಮ್ಮಾ?" ಪಕ್ಕದ ಕೋಣೆಯಿಂದ ಅಧಿಕಾರಿಯ ದನಿ.

"ಆಯ್ತು ಸಾರ್. ತಗೊಂಡ್ಹೋಗಿ."