ಬೆನ್ನು ಮೇಲೆ ಬರೆಯುವ ಚಿತ್ರ

ಮೊನ್ನೆ ಸೊರಬದ ಪೇಟೆಯಲ್ಲಿ ತಮ್ಮನ ಮಗಳಿಗೆಂದು ಒಂದು ಕಲ್ಲಿನ ಸ್ಲೇಟು ಕೊಂಡೆ. ಮನೆಗೆ ಬಂದವಳೇ ಒದ್ದೆ ಬಟ್ಟೆಯಲ್ಲಿ ಅದನ್ನು ಒರೆಸಿದೆ. ಆ ತಣ್ಣನೆಯ ವಾಸನೆ ಮೂಗಿಗೆ ಬಡಿಯಿತು ನೋಡಿ... ಶಿಕಾರಿಪುರದ ಆ ಮಂಚ, ಎದೆಯ ಮೇಲೆ ಸ್ಲೇಟಿಟ್ಟುಕೊಂಡು ಮಲಗಿದ್ದ ನಮ್ಮ ಜೀವಶಾಸ್ತ್ರದ ಮೇಷ್ಟ್ರು ಕಣ್ಣ ಮುಂದೆ ಬಂದರು.

ತೊಂಬತ್ತರ ದಶಕದ ಮಾತು. ಪಿಯುಸಿಯಲ್ಲಿ ನಾನು ಜೀವಶಾಸ್ತ್ರದಲ್ಲಿ ಡುಮ್ಕಿ ಹೊಡೆದಿದ್ದೆ. ಓದಿದ್ದು ಸಾಕೆಂದು ಮನೆಯಲ್ಲಿ ಗಂಡು ಹುಡುಕತೊಡಗಿದ್ದರು. ಸುದ್ದಿ ತಿಳಿದ ಮೇಷ್ಟ್ರು ಹೇಳಿ ಕಳಿಸಿದರು. ಅವರಿಗೋ ಕ್ಯಾನ್ಸರ್ ಮೂಳೆಗೆ ಇಳಿದಿತ್ತು, ಮಂಚ ಬಿಟ್ಟು ಏಳುವಂತಿರಲಿಲ್ಲ. "ಮರುಪರೀಕ್ಷೆ ತನಕ ನಾನು ಎಲ್ಲಿಗೂ ಹೋಗಲ್ಲ. ನೀನು ಬಾ" ಎಂದರು.

ತಾಳಗುಂದದಿಂದ ಬಂದು ಬಸ್ಸಿಳಿದು ನಾನು ಅವರ ಮನೆ ಮುಟ್ಟುವಾಗ ಹತ್ತಾಗುತ್ತಿತ್ತು. ಅವರ ಮಾರ್ಫಿನ್ ಗುಳಿಗೆಯ ಹೊತ್ತೂ ಹತ್ತೇ. ನುಂಗಿದರೆ ಮಂಪರು ಕವಿಯುತ್ತದೆಂದು ಪಾಠ ಮುಗಿಯುವ ತನಕ ಅವರು ಅದನ್ನು ಮುಟ್ಟುತ್ತಿರಲಿಲ್ಲ. ಹೆಂಡತಿ ನೀರಿನ ಲೋಟ ಹಿಡಿದು ಬಾಗಿಲಲ್ಲಿ ನಿಂತು "ರೀ, ತಗೊಳ್ರೀ" ಎನ್ನುವರು. ಇವರು ಕೈಸನ್ನೆಯಲ್ಲೇ ತಡೆಯುವರು. ಅವರ ಹಣೆಯ ಬೆವರನ್ನು ನಾನು ಸೆಖೆ ಎಂದುಕೊಂಡಿದ್ದೆ, ಪೆದ್ದಿ.

ಒಂದು ದಿನ ಬೆನ್ನುಹುರಿಯ ಪಾಠ. ಸ್ಲೇಟಿನ ಮೇಲೆ ಅಡ್ಡ ಕೊಯ್ದ ಬೆನ್ನುಹುರಿಯ ಚಿತ್ರ ಬರೆದರು. ಒಳಗೆ ಚಿಟ್ಟೆಯಂಥ ಬೂದು ಭಾಗ, ಅದಕ್ಕೆ ಮೇಲೆರಡು, ಕೆಳಗೆರಡು ಕೊಂಬು.

"ಇದು ನಿನ್ನ ಪುಸ್ತಕದಲ್ಲಿಲ್ಲ, ನನ್ನ ಮೈಯಲ್ಲಿದೆ. ನೋವಿನ ಸುದ್ದಿ ಬೆನ್ನಿನ ಕಡೆ ಕೊಂಬಿಗೆ ಬರ್ತದೆ. ಅದರ ಹೊರಪದರದಲ್ಲೇ ಮಾರ್ಫಿನ್ ಕೂರೋ ರಿಸೆಪ್ಟರ್‌ಗಳು ದಟ್ಟವಾಗಿರೋದು. ಅಲ್ಲಿ ಕೂತ್ರೆ ಸುದ್ದಿ ಮಿದುಳಿಗೆ ಹೋಗೋದು ಕಮ್ಮಿಯಾಗ್ತದೆ. ಎಲ್ಲಿ, ಗುರುತು ಹಾಕು."

ಕೆಳಗಿನ ಕೊಂಬಿಗೆ ಹಾಕಿದೆ. ಅಳಿಸಿದರು. ಮತ್ತೆ ಹೇಳಿದರು. ಮತ್ತೆ ಕೆಳಗೇ ಹಾಕಿದೆ. ಹೀಗೆ ಹನ್ನೊಂದೂವರೆ ಆಯಿತು.

"ಅದು ಹೊಟ್ಟೆ ಕಡೇದು ಕಣೇ!"

"ಬೆನ್ನು ಕೆಳಗೇ ಅಲ್ವಾ ಸಾರ್?" ಎಂದು ಅವರನ್ನೇ ತೋರಿಸಿದೆ. ಅಂಗಾತ ಮಲಗಿದ್ದವರ ಬೆನ್ನು ಕೆಳಗೇ ಇತ್ತಲ್ಲ!

ಅವರು ನಕ್ಕುಬಿಟ್ಟರು. "ಮಲಗಿರೋನು ನಾನು, ಚಿತ್ರ ಅಲ್ಲ. ಚಿತ್ರದಲ್ಲಿ ಬೆನ್ನು ಯಾವತ್ತೂ ಮೇಲೆ..." ನಗು ಅರ್ಧಕ್ಕೇ ನಿಂತಿತು. ಬಳಪ ಕೈಯಿಂದ ಜಾರಿತು.

ಹೊರಡುವಾಗ ಅವರ ಹೆಂಡತಿ ಗೇಟಿನ ತನಕ ಬಂದರು. "ನೀನು ತಪ್ಪು ಹಾಕ್ದಷ್ಟು ಹೊತ್ತೂ ಗುಳಿಗೆ ಮುಂದಕ್ಕೆ ಹೋಗ್ತದಮ್ಮ" ಎಂದರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಬಸ್ಸಿನಲ್ಲಿ ಊರು ಬರುವ ತನಕ ಅತ್ತೆ.

ಮಾರನೆಯ ದಿನ ಕೈ ಕಟ್ಟಿ ನಿಂತೆ. "ಮೊದ್ಲು ಗುಳಿಗೆ ಸಾರ್. ಇಲ್ಲಾಂದ್ರೆ ಸ್ಲೇಟು ಮುಟ್ಟಲ್ಲ."

"ಯಾರೇ ಇಲ್ಲಿ ಮೇಷ್ಟ್ರು?"

"ನೀವೇ. ನುಂಗಿ."

ನುಂಗಿದರು. ಅವರಿಗೆ ಮಂಪರು ಹತ್ತಿದಾಗ ನಾನು ಬರೆಯುತ್ತಿದ್ದೆ, ಎಚ್ಚರಾದಾಗ ತಿದ್ದುತ್ತಿದ್ದರು. ಪರೀಕ್ಷೆ ಮುಗಿಯುವ ತನಕ ಹಾಗೇ ನಡೆಯಿತು... ಕೊಟ್ಟ ಮಾತಿನಂತೆ ಇದ್ದರು. ನಾನು ಪಾಸಾದೆ ಎಂದು ಹೇಳಲು ಓಡಿಹೋದಾಗ ಮಂಚ ಖಾಲಿಯಿತ್ತು.

ಈಗ ಸೊರಬದಲ್ಲಿ ನಾನೇ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಬೆನ್ನುಹುರಿ ಬರೆಯುವ ಮೊದಲೇ ಬೋರ್ಡಿನ ಮೇಲ್ಗಡೆ ದೊಡ್ಡದಾಗಿ 'ಬೆನ್ನು' ಎಂದು ಬರೆಯುತ್ತೇನೆ.

ಮೊನ್ನೆ ಆ ಹೊಸ ಸ್ಲೇಟಿನ ಮೇಲೂ ಬೆನ್ನುಹುರಿ ಬರೆದೆ. ಮೇಲಿನ ಎರಡು ಕೊಂಬಿನ ತುದಿಗೆ ಗುರುತು ಹಾಕಿದೆ. ಮೊದಲ ಸಲಕ್ಕೇ ಸರಿಯಾಗಿತ್ತು. ಅದನ್ನು ನೋಡಿ ಹೊತ್ತಿಗೆ ಸರಿಯಾಗಿ ಗುಳಿಗೆ ತೆಗೆದುಕೊಳ್ಳಲು ಮೇಷ್ಟ್ರಿರಲಿಲ್ಲ.