ಕುದಿಸಿದ ಹೆಪ್ಪು

ಹಾಲಿಗೆ ಹಲ್ಲಿ ಬಿದ್ದಿರಬಹುದು. ಪಾತ್ರೆಯ ಕಲಾಯಿ ಹೋಗಿ ಕಿಲುಬು ಇಳಿದಿರಬಹುದು. ಪಕ್ಕದ ಮನೆಯ ಎಮ್ಮೆ ಅಲ್ಲಾಳಸಂದ್ರದ ಕೆರೆಯಲ್ಲಿ ಏನು ಕುಡಿದು ಬಂತೋ. ಡಾಕ್ಟರಿಗೆ ರೋಗವೇ ತಿಳಿಯದೆ ಹೋಗಿರಬಹುದು. ಬೆಳಿಗ್ಗೆಯಿಂದ ಇವಿಷ್ಟನ್ನೂ ಸರದಿಯ ಮೇಲೆ ನೆನೆದು ಬೆವರುತ್ತಿದ್ದೆ.

ಅರವತ್ತರ ದಶಕದ ಒಂದು ಶುಕ್ರವಾರ ಅದು. ಹೆಂಡತಿ ಎರಡನೆಯ ಹೆರಿಗೆಗೆ ತವರಿಗೆ ಹೋಗಿದ್ದಳು. ನಾಲ್ಕು ವರ್ಷದ ಮಗಳಿಗೆ ರಕ್ತಭೇದಿ. ಔಷಧಿ ಮುಗಿದಿತ್ತು, ರಕ್ತ ನಿಂತಿರಲಿಲ್ಲ.

"ಕರುಳಿನ ಒಳಪದರ ಇನ್ನೂ ಉರೀತಿದೆ ಕಣ್ರೀ," ಎಂದಿದ್ದರು ಯಲಹಂಕದ ಡಾಕ್ಟರು. "ಮಜ್ಜಿಗೆ ಕೊಡಿ. ಮೊಸರಲ್ಲಿರೋ ಜೀವಾಣುಗಳು ಆ ಪದರವನ್ನ ಕಾಯಬಹುದು ಅಂತಾರೆ. ಖಾತ್ರಿ ಹೇಳಲಾರೆ. ಎರಡು ದಿನ ನೋಡೋಣ. ಆಮೇಲೂ ರಕ್ತ ಕಂಡ್ರೆ ದೊಡ್ಡಾಸ್ಪತ್ರೆಗೆ ಸೇರಿಸಿಬಿಡಿ."

ಪಕ್ಕದ ಮನೆಯ ಅಜ್ಜಿ ಮಜ್ಜಿಗೆಯನ್ನೇ ಕೊಡಲು ಬಂದರು. ನನಗೆ ಬೇರೆಯವರ ಮಡಕೆಯ ಮೇಲೆ ನಂಬಿಕೆ ಸಾಲದು. ಒಂದು ಚಮಚ ಹೆಪ್ಪು ಸಾಕು, ಮೊಸರು ನಾನೇ ಮಾಡ್ಕೋತೀನಿ ಎಂದೆ. ಶಾಲೆಯಲ್ಲಿ ಆರೋಗ್ಯದ ಪಾಠ ಹೇಳುವ ಮೇಷ್ಟ್ರು ನಾನು. ಆ ಹೆಪ್ಪಿನಲ್ಲಿ ರೋಗಾಣು ಇದ್ದರೆ? ಮರಳುವ ಹಾಲಿಗೇ ಅದನ್ನು ಹಾಕಿ, ಇನ್ನೆರಡು ಕುದಿ ಬರಿಸಿ, ನೆಮ್ಮದಿಯಿಂದ ಮುಚ್ಚಿಟ್ಟೆ.

ಸಂಜೆ ಮಗಳು ಮತ್ತೆ ಹೊಟ್ಟೆ ಹಿಡಿದುಕೊಂಡಳು. ಮತ್ತೆ ರಕ್ತ. ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇತ್ತು. ಪಕ್ಕದ ಮನೆಗೆ ಓಡಿದೆ.

"ದೀಪ ಅಚ್ಚಾಯ್ತಲ್ಲ ಮೇಷ್ಟ್ರೆ. ಶುಕ್ರವಾರ ಬೇರೆ. ಮೊಸರು, ಎಪ್ಪು ಏನೂ ವಸ್ಲು ದಾಟ್ಸಾಕಿಲ್ಲ," ಎಂದರು ಅಜ್ಜಿ. "ಬೆಳಿಗ್ಗೆ ಕೊಟ್ಟಿದ್ದು ಏನಾಯ್ತು?"

ಹೇಳಿದೆ.

"ಕುದುಸುದ್ರಾ?" ಅಜ್ಜಿ ಸೊಸೆಯ ಕಡೆ ತಿರುಗಿದರು. "ಎಪ್ಪು ಬೇಯಿಸೋರ್ನ ನೋಡಿದ್ಯೇನೇ? ಓದ್ದೋರು ಇಂಗೆ ಮಾಡ್ತಾರೆ."

ನಾನು ಹೊಸ್ತಿಲ ಆಚೆಯೇ ನಿಂತಿದ್ದೆ.

"ನಿಂತ್ಕಂಡ್ರೆ ಏನ್ ಬಂತು? ಎಪ್ಪು ಆಚ್ಗೆ ಬರಾಕಿಲ್ಲ, ಮಗಾ ಒಳಕ್ ಬರಬೌದಲ್ಲ. ಎತ್ಕಂಡ್ ಬನ್ನಿ."

ಮಗಳು ಅವರ ಮಡಿಲಲ್ಲಿ ಕೂತು, ನಾನು ನಂಬದ ಆ ಮಡಕೆಯ ಮಜ್ಜಿಗೆಯನ್ನು ಗುಟುಕು ಗುಟುಕಾಗಿ ಕುಡಿದಳು. ನಾನು ಒಂದೊಂದು ಗುಟುಕನ್ನೂ ಎಣಿಸಿದೆ. ಮಾರನೆಯ ದಿನ ಮೂರು ಹೊತ್ತೂ ಅಲ್ಲೇ. ಅದರ ಮರುದಿನ ಬೆಳಿಗ್ಗೆ ರಕ್ತ ಕಾಣಲಿಲ್ಲ. ಮಜ್ಜಿಗೆಯೋ, ಔಷಧಿಯೋ, ಡಾಕ್ಟರು ಆಗಲೂ ಖಾತ್ರಿ ಹೇಳಲಿಲ್ಲ.

ಹಲ್ಲಿ ಬಿದ್ದಿರಲಿಲ್ಲ, ಕಲಾಯಿ ಗಟ್ಟಿಯಾಗಿಯೇ ಇತ್ತು, ಎಮ್ಮೆಯೂ ಚೆನ್ನಾಗಿತ್ತು. ಕೆಟ್ಟದ್ದು ಒಂದು ಚಮಚ ಹೆಪ್ಪು. ಆ ಶುಕ್ರವಾರದ ಹಾಲನ್ನು ನಾನೇ ಕುಡಿದೆ. ಕುಡಿಯುವ ಮುಂಚೆ ಇನ್ನೊಂದು ಸಲ ಕಾಯಿಸಿದೆ.