ಹೂಂಗುಟ್ಟುವ ಕೆಲಸ

ರೂಪಶ್ರೀ ಊರಿನ ಎಂ.ಸಿ.ಸಿ. ಬಿ ಬ್ಲಾಕ್ ಬಡಾವಣೆಯ ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದಾಳೆ. ಕ್ರಮ ತಪ್ಪದಿದ್ದರೆ ಫಲಿತಾಂಶ ಬಂದೇ ಬರುತ್ತದೆ ಎಂಬುದು ಅವಳ ನಂಬಿಕೆ. ಆರು ವರ್ಷದ ಸ್ವಾತಿಯನ್ನು ದತ್ತು ತಂದಾಗಲೂ ಹಾಗೆಯೇ ಹೊರಟಳು. ಇಪ್ಪತ್ತೆರಡು ಚಿತ್ರಪುಸ್ತಕ ಕೊಂಡು, ಸುಲಭದ್ದು ಮೊದಲು ಬರುವಂತೆ ಜೋಡಿಸಿದಳು. ದಿನಾ ಸಂಜೆ ಆರೂವರೆಗೆ ಇಪ್ಪತ್ತು ನಿಮಿಷ ಓದು.

ನಾಲ್ಕು ತಿಂಗಳಾಯಿತು. ಹುಡುಗಿ ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂರುತ್ತಿದ್ದಳು. ಚಿತ್ರ ತೋರಿಸಿದರೆ ನೋಡುತ್ತಿದ್ದಳು. ಕೊನೆಗೆ "ಮುಗೀತೇನ್ರಿ ಮಿಸ್?" ಎಂದು ಎದ್ದು ಹೋಗುತ್ತಿದ್ದಳು. ಮೊದಲಿದ್ದ ಆಶ್ರಮದಲ್ಲಿ ಹೆಂಗಸರೆಲ್ಲ ಮಿಸ್, ಇಲ್ಲಿಯೂ ಮಿಸ್. ಕೇಳಿದ್ದಕ್ಕೆ ಒಂದು ಮಾತಿನ ಉತ್ತರ, ಅದರಾಚೆ ಏನಿಲ್ಲ. ಒಂದೇ ಒಂದು ಸಲ ತಾನಾಗಿ ಬಂದು ಏನಾದರೂ ಹೇಳಲಿ ಎಂದು ರೂಪಶ್ರೀ ಕಾದಳು. ಹತ್ತೊಂಬತ್ತನೇ ಪುಸ್ತಕವೂ ಮುಗಿಯಿತು.

"ಅಲ್ಲವಾ ರೂಪಾ, ಆ ಕೂಸು ಹೂಂ ಅನ್ನಂಗಿಲ್ಲ, ನೀನು ಓದ್ತಾನೇ ಇರ್ತಿ" ಎಂದರು ಅತ್ತೆ ಅನ್ನಪೂರ್ಣಮ್ಮ. "ನಾವು ಹೂಂ ಅನ್ನದಿದ್ರೆ ನಮ್ಮವ್ವ ಕಥೆ ನಿಲ್ಲಿಸಿಬಿಡ್ತಿದ್ಲು."

"ಇದು ಪುಸ್ತಕ ಅತ್ತೆ. ಅಂದ್ರೂ ಅಷ್ಟೇ, ಅನ್ನದಿದ್ರೂ ಅಷ್ಟೇ."

ಅತ್ತೆ ಬಿಡಲಿಲ್ಲ. ಕೇಳುವವರು ಸಾಲಿಗೊಂದು ಹೂಂ ಅನ್ನಬೇಕು, ತಪ್ಪಿದರೆ ಕಥೆ ಮೊದಲಿನಿಂದ ಎಂದು ಸ್ವಾತಿಗೆ ನಿಯಮ ಹೇಳಿಕೊಟ್ಟರು.

ಹುಡುಗಿ ನಿಯಮವನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಆದರೆ ಕೇಳುವವಳಾಗಿ ಅಲ್ಲ. ಮರುದಿನ ಬೆಳಿಗ್ಗೆ ರೂಪಶ್ರೀ ರೊಟ್ಟಿ ತಟ್ಟುತ್ತಿದ್ದಾಗ ಬಂದು ನಿಂತಳು.

"ಒಂದು ಮೇಕೆ ಇತ್ತು. ಹೂಂ ಅನ್ರಿ."

ಮೇಕೆ ನಂದಿಗುಡಿಯಲ್ಲಿ ಹರಿಹರದ ಬಸ್ಸು ಹತ್ತುತ್ತದೆ. ಕಿಟಕಿ ಸೀಟು ಹಿಡಿಯುತ್ತದೆ. ಟಿಕೆಟ್ ತಗೊಂಡು ತಿಂದುಬಿಡುತ್ತದೆ. ಕಡರನಾಯಕನಹಳ್ಳಿಯಲ್ಲಿ ಚೆಕಿಂಗ್‌ನವರು ಹತ್ತುತ್ತಾರೆ. ಅಷ್ಟರಲ್ಲಿ ರೂಪಶ್ರೀ ಒಂದು ಹೂಂ ತಪ್ಪಿಸಿರುತ್ತಾಳೆ. ಮೇಕೆ ಮತ್ತೆ ನಂದಿಗುಡಿಗೆ.

ಮೊದಲ ದಿನ ಅವಳಿಗೆ ಹಿಟ್ಟಿನ ಕೈಯಲ್ಲೇ ಕುಣಿಯುವಷ್ಟು ಸಂತೋಷವಾಗಿತ್ತು. ನಾಲ್ಕನೇ ದಿನ ತಲೆನೋವು ಬಂತು. ಬಚ್ಚಲ ಬಾಗಿಲಿನಾಚೆಯಿಂದ ಮೇಕೆ, ಬಟ್ಟೆ ಒಣಹಾಕುವಾಗ ಮೇಕೆ. ಗಂಡ ಕೊಟ್ಟೂರೇಶ್ ಮಾತ್ರ "ನಂಗೆ ಬ್ಯಾಡಪ್ಪ, ಅಂಗಡಿ ತೆಗೀಬೇಕು" ಎಂದು ಚಪ್ಪಲಿ ಮೆಟ್ಟುತ್ತಿದ್ದ. ಹನ್ನೊಂದು ದಿನವಾದರೂ ಆ ಪ್ರಾಣಿ ಹರಿಹರ ಮುಟ್ಟಲಿಲ್ಲ.

ಭಾನುವಾರ ರೂಪಶ್ರೀ, ಸ್ವಾತಿ ಇಬ್ಬರೇ ಸ್ಕೂಟರಿನಲ್ಲಿ ಹರಿಹರದ ತವರುಮನೆಗೆ ಹೊರಟರು. ಪಕ್ಕದಲ್ಲಿ ಲಾರಿ, ತಲೆಯ ಮೇಲೆ ಹೆಲ್ಮೆಟ್, ಬೆನ್ನ ಹಿಂದಿನಿಂದ ಗುದ್ದು.

"ಹೂಂ ಅನ್ಲಿಲ್ಲ ನೀವು. ಮೊದಲಿಂದ."

"ಸಾಕು. ಬಾಯಿ ಮುಚ್ಕೊಂಡು ಕುಂದ್ರು."

ಬಾಯಿ ಮುಚ್ಚಿತು. ಸೋಮವಾರವೂ ತೆರೆಯಲಿಲ್ಲ. ಮತ್ತೆ ಬಾಗಿಲ ಹತ್ತಿರದ ಗೋಡೆ. ಲ್ಯಾಬಿನಲ್ಲಿ ಸ್ಯಾಂಪಲ್ ಕೆಟ್ಟರೆ ಇನ್ನೊಂದು ತೆಗೆದುಕೊಳ್ಳಬಹುದು. ಇಲ್ಲಿ ಏನು ಮಾಡುವುದು ಎಂದು ರೂಪಶ್ರೀಗೆ ತಿಳಿಯಲಿಲ್ಲ. ಮಂಗಳವಾರ ಸಂಜೆ ಕುಕ್ಕರ್ ಇಟ್ಟು ಬಂದು, ಇಪ್ಪತ್ತನೇ ಪುಸ್ತಕ ತೆಗೆದಳು, ತಿರುಗಿ ಇಟ್ಟಳು. ಹೋಗಿ ಬಾಗಿಲ ಬಳಿ ನೆಲದ ಮೇಲೆಯೇ ಕೂತಳು.

"ಒಂದು ಮೇಕೆ ಇತ್ತು. ನಂದಿಗುಡಿಯಲ್ಲಿ ಬಸ್ಸು ಹತ್ತಿತು. ಕಂಡಕ್ಟರ್ ಹಾಫ್ ಟಿಕೆಟ್ ಕೊಟ್ಟ."

ಹೂಂ ಬರಲಿಲ್ಲ.

"ಕಿಟಕಿ ಹತ್ತಿರ ಕೂತು ಆ ಹಾಫ್ ಟಿಕೆಟನ್ನ..."

"ಹಾಫ್ ಅಲ್ಲ. ಫುಲ್. ಅದಕ್ಕೆ ಕೊಂಬು ಬಂದಾವೆ."

"ನಾಲ್ಕು ಸಲ ನೀನೇ ಹಾಫ್ ಅಂದಿದ್ದಿ."

"ಅಂದಿಲ್ಲ. ಎಷ್ಟು ಸಲ ಹೇಳ್ಬೇಕು ನಿಂಗೆ? ಸರಿಯಾಗಿ ಕೇಳಂಗೇ ಇಲ್ಲ ನೀನು." ಹುಡುಗಿ ಮುಖ ಸಿಂಡರಿಸಿ ಹತ್ತಿರ ಸರಿದಳು. ರೂಪಶ್ರೀಯ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. "ಇಲ್ಲಿ ನೋಡು. ಮೊದಲಿಂದ ಹೇಳ್ತೀನಿ. ಒಂದು ಮೇಕೆ ಇತ್ತು."

ಒಳಗೆ ಕುಕ್ಕರ್ ಐದನೇ ಸೀಟಿ ಹಾಕಿತು. ಮೂರಕ್ಕೆ ಇಳಿಸಬೇಕಿತ್ತು.

"ಹೂಂ" ಎಂದಳು ರೂಪಶ್ರೀ.